ಬೆಳಗಾವಿಯಿಂದ ವಿಜಯಪುರಕ್ಕೆ ಬಂದ ಮೇಲೆ ಚಾಪಿಂಗ್ ಬೋರ್ಡ್ ಸೀಳಿದೆ, ರಿಪೇರಿ ಆಗುತ್ತಾ?

ಟಿಳಕವಾಡಿಯವಳು

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಜೂನ್‌ನಲ್ಲಿ ನಮ್ಮ ಮನೆಯವರಿಗೆ ವರ್ಗವಾಗಿ ಬೆಳಗಾವಿಯಿಂದ ವಿಜಯಪುರಕ್ಕೆ ಬಂದೆವು. ಸಾಮಾನಿನ ಜೊತೆ ನನ್ನ ಸಾಗವಾನಿ ಚಾಪಿಂಗ್ ಬೋರ್ಡ್ ಕೂಡ ಬಂತು. ಆರು ವರ್ಷದ ಹಿಂದೆ ಖಡೇಬಜಾರಿನಲ್ಲಿ ತಗೊಂಡಿದ್ದು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಮುಕ್ಕಾಲು ಇಂಚು ದಪ್ಪ.

ಬೆಳಗಾವಿಯಲ್ಲಿ ಇದ್ದ ತೊಂದರೆ ಅಂದರೆ ಮಳೆಗಾಲದ್ದು. ಜುಲೈ ಬಂದರೆ ಮಣೆ ಒಣಗುತ್ತಲೇ ಇರಲಿಲ್ಲ, ಹಿಂಭಾಗಕ್ಕೆ ಕಪ್ಪು ಬೂಸ್ಟು ಹಿಡಿಯುತ್ತಿತ್ತು. ಆದರೆ ಒಮ್ಮೆಯೂ ಸೀಳಿರಲಿಲ್ಲ. ಇಲ್ಲಿಯ ಮೊದಲ ಬೇಸಿಗೆಗೇ ಹೀಗಾಗಿದೆ. ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ನೋಡಿದರೆ ಬಲ ತುದಿಯಿಂದ ಒಳಗೆ ಗೇಣುದ್ದದ ಸೀಳು. ರೂಪಾಯಿ ನಾಣ್ಯದ ಅಂಚು ಅದರಲ್ಲಿ ತೂರುತ್ತದೆ. ಕೊತ್ತಂಬರಿ ಹೆಚ್ಚಿದರೆ ಎಲೆ ಅಲ್ಲೇ ಸಿಕ್ಕಿಕೊಂಡು, ಸಂಜೆಗೆ ಸೂಜಿಯಿಂದ ತೆಗೆಯಬೇಕು. ಅದರ ಮೇಲೆ ಮಣೆ ದೋಣಿಯ ಹಾಗೆ ಬಾಗಿದೆ. ಎರಡು ಬದಿ ಮೇಲೆ, ನಡು ಕೆಳಗೆ. ಕಟ್ಟೆಯ ಮೇಲೆ ಇಟ್ಟರೆ ಆಡುತ್ತದೆ.

ಇಷ್ಟಕ್ಕೆ ಹೊಸದು ತಗೊಂಡರೆ ಆಯ್ತಲ್ಲ ಎನ್ನಬಹುದು. ವಿಷಯ ನಮ್ಮ ಅತ್ತೆಯದು. ಅವರಿಗೆ 71. ಜೀವನಪೂರ್ತಿ ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲೇ ಹೆಚ್ಚಿದವರು. ಎರಡು ವರ್ಷದಿಂದ ಮೊಣಕಾಲು ಮಡಚಲು ಬರುವುದಿಲ್ಲ. ಹಾಗಾಗಿ ಊಟದ ಟೇಬಲ್ಲಿಗೆ ಕುರ್ಚಿ ಹಾಕಿಕೊಂಡು, ಈ ಮಣೆ ಮುಂದಿಟ್ಟುಕೊಂಡು ಚಾಕುವಿನಿಂದ ಹೆಚ್ಚುತ್ತಾರೆ. ಕಾಯಿಪಲ್ಲೆ ಹೆಚ್ಚುವ ಕೆಲಸ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ, ನಾವೂ ಬೇಡ ಅನ್ನುವುದಿಲ್ಲ. ಬಲಗೈ ಸ್ವಲ್ಪ ನಡುಗುತ್ತದೆ. ಹೋದ ವಾರ ಬದನೆಕಾಯಿ ಹೆಚ್ಚುವಾಗ ಮಣೆ ಹೊರಳಿ, ಚಾಕು ಜಾರಿ, ಹೆಬ್ಬೆರಳ ಉಗುರಿಗೆ ತಾಗಿತು. ದೊಡ್ಡ ಗಾಯ ಅಲ್ಲ. ಆದರೆ ನನಗೆ ಅವತ್ತಿನಿಂದ ಸಮಾಧಾನ ಇಲ್ಲ.

ಪಕ್ಕದ ಮನೆಯವರು ಸ್ಟೀಲ್ ಬೋರ್ಡ್ ತಗೊಳ್ಳಿ, ಪ್ಲಾಸ್ಟಿಕ್ ಚೂರು ಹೊಟ್ಟೆಗೆ ಹೋಗುತ್ತದೆ, ಮರದಲ್ಲಿ ಕ್ರಿಮಿ ಇರುತ್ತವೆ ಅಂತಾರೆ. ಈ ಮಣೆ ಸರಿ ಮಾಡಿಸಬಹುದಾ? ಇಲ್ಲ ಅಂದರೆ ಯಾವುದು ತಗೊಳ್ಳಲಿ? ಎಣ್ಣೆ ಯಾವುದು ಹಚ್ಚಬೇಕು? ನಾನು ಶೇಂಗಾ ಎಣ್ಣೆ ಹಚ್ಚುತ್ತಿದ್ದೆ, ಈಗ ಕಮಟು ವಾಸನೆ ಬರುತ್ತಿದೆ.

ನವನಗರದ ಬಡಿಗೇರ

ಅಕ್ಕಾವ್ರೇ, ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ಬಡಿಗತನ. ಮಣೆ ಎಸೆಯಬೇಡಿ, ಸರಿಯಾಗುತ್ತದೆ.

ಮೊದಲು ಏನಾಗಿದೆ ಹೇಳುತ್ತೇನೆ. ಮರ ಕಡಿದು ಎಷ್ಟೇ ವರ್ಷ ಆಗಿರಲಿ, ಗಾಳಿಯಲ್ಲಿ ಪಸೆ ಇದ್ದರೆ ಹೀರುತ್ತದೆ, ಗಾಳಿ ಒಣಗಿದರೆ ಬಿಡುತ್ತದೆ. ಹೀರಿದಾಗ ಅಗಲಕ್ಕೆ ಉಬ್ಬುತ್ತದೆ, ಬಿಟ್ಟಾಗ ಅಗಲಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಅಳತೆ ಬದಲಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳಗಾವಿ ಗಾಳಿಗೆ ಆರು ವರ್ಷ ಒಗ್ಗಿಕೊಂಡ ಹಲಗೆ ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಂತು. ಕುಗ್ಗಲೇಬೇಕು. ಹಲಗೆಯ ಎರಡು ತುದಿ ಇವೆಯಲ್ಲ, ಎಳೆಗಳ ಬಾಯಿ ಕಾಣುವ ಜಾಗ, ಅಲ್ಲಿಂದ ಪಸೆ ಎಲ್ಲಕ್ಕಿಂತ ಬೇಗ ಹೊರಗೆ ಹೋಗುತ್ತದೆ. ತುದಿ ಕುಗ್ಗಿತು, ನಡು ಇನ್ನೂ ಕುಗ್ಗಿಲ್ಲ. ಎಳೆದಾಟದಲ್ಲಿ ತುದಿ ಸೀಳಿತು. ಸೀಳು ಹೆಚ್ಚಾಗಿ ತುದಿಯಿಂದ ಶುರುವಾಗುವುದು ಇದಕ್ಕೇ.

ಬಾಗಿದ್ದಕ್ಕೆ ಕಾರಣ ಬೇರೆ. ನೀವು ತೊಳೆದು ಗ್ರಾನೈಟ್ ಕಟ್ಟೆಯ ಮೇಲೆ ಅಂಗಾತ ಮಲಗಿಸಿ ಒಣಗಿಸುತ್ತೀರಿ, ಹೌದಾ? ಮೇಲಿನ ಮುಖ ಒಣಗುತ್ತದೆ, ಕಲ್ಲಿಗೆ ಅಂಟಿದ ಮುಖ ಒದ್ದೆ ಉಳಿಯುತ್ತದೆ. ಒಣಗಿದ ಕಡೆ ಮರ ಮುದುಡುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಎರಡೂ ಮುಖಕ್ಕೆ ಗಾಳಿ ತಾಗಬೇಕು. ಬಿಸಿಲಿಗೆ ಇಡಬೇಡಿ.

ಇವತ್ತಿಗೆ ಒಂದು ಉಪಾಯ: ಮಣೆಯನ್ನು ಬೋರಲು ಹಾಕಿ. ಈಗ ಅದು ಎರಡು ಅಂಚಿನ ಮೇಲೆ ಕೂರುತ್ತದೆ, ಆಡುವುದಿಲ್ಲ. ಅಡಿಗೆ ಹಿಂಡಿದ ಒದ್ದೆ ಬಟ್ಟೆ ಹಾಸಿ. ಅವ್ವನ ಕೈ ಕೆಳಗೆ ಜಾರುವುದಿಲ್ಲ.

ಇನ್ನು ಸೀಳು. ನಾಣ್ಯ ತೂರುವಷ್ಟು ಅಗಲ ಇದೆ ಅಂದಿರಿ. ಅಂಟು ತುಂಬಿ ಬಿಗಿದರೆ ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಮರದ ಪುಡಿ, ಮೇಣ ತುಂಬುವುದಂತೂ ಬೇಡವೇ ಬೇಡ, ಅದರೊಳಗೆ ನೀರು ನಿಲ್ಲುತ್ತದೆ. ಸೀಳಿನ ಗುಂಟ ಈ ತುದಿಯಿಂದ ಆ ತುದಿಯವರೆಗೆ ಕೊಯ್ಯಿಸಿಬಿಡಿ. ಎರಡು ತುಂಡಾಗುತ್ತದೆ. ಕೊಯ್ದ ಅಂಚುಗಳಿಗೆ ರಂದಾ ಹೊಡೆಸಿ, ಬೆಳಕಿಗೆ ಹಿಡಿದರೆ ನಡುವೆ ಗೆರೆ ಕಾಣದ ಹಾಗೆ ಕೂಡಬೇಕು. ನೀರು ತಡೆಯುವ ಅಂಟು ಹಚ್ಚಿ, ಬಿಗಿದು, ಒಂದು ದಿನ ಪೂರ್ತಿ ಬಿಡಬೇಕು. ಬಿಗಿದಾಗ ಕೂಡಿಕೆಯ ಉದ್ದಕ್ಕೂ ಅಂಟು ಸಣ್ಣ ಮಣಿಗಳ ಹಾಗೆ ಹೊರಗೆ ಬರಬೇಕು. ಎಲ್ಲೋ ಒಂದು ಕಡೆ ಬರಲಿಲ್ಲ ಅಂದರೆ ಅಲ್ಲಿ ಅಂಟು ಕಡಿಮೆ ಬಿದ್ದಿದೆ ಅಂತ ಅರ್ಥ. ನಮ್ಮಪ್ಪನ ಕಾಲದಲ್ಲಿ ಕ್ಲ್ಯಾಂಪ್ ಇರಲಿಲ್ಲ, ಹಗ್ಗ ಸುತ್ತಿ ನಡುವೆ ಕೋಲು ತೂರಿಸಿ ತಿರುವುತ್ತಿದ್ದರು. ಅಷ್ಟೇ ಬಿಗಿ ಬರುತ್ತಿತ್ತು.

ಆಮೇಲೆ ಎರಡೂ ಮುಖಕ್ಕೆ ಸಮನಾಗಿ ರಂದಾ ಹೊಡೆಸಿ, ಬಾಗು ಹೋಗುತ್ತದೆ. ಅಗಲ ಕಾಲಿಂಚು ಕಡಿಮೆ ಆಗಬಹುದು, ದಪ್ಪ ಸ್ವಲ್ಪ ಇಳಿಯುತ್ತದೆ.

ಅವ್ವನಿಗಾಗಿ ಇನ್ನೊಂದು ಮಾಡಿಸಿ. ಮಣೆಯ ಮುಂದಿನ ಉದ್ದ ಅಂಚಿನ ಕೆಳಗೆ ಒಂದು ಪಟ್ಟಿ ಕೂಡಿಸಿ, ಮುಕ್ಕಾಲು ಇಂಚು ಕೆಳಗೆ ಇಳಿಯಲಿ. ಅದು ಟೇಬಲ್ ಅಂಚಿಗೆ ಕೊಕ್ಕೆಯ ಹಾಗೆ ತಗುಲಿ ನಿಲ್ಲುತ್ತದೆ. ಚಾಕು ಒತ್ತಿದಷ್ಟೂ ಮಣೆ ಗಟ್ಟಿಯಾಗಿ ಕೂರುತ್ತದೆ. ಪಟ್ಟಿಯ ಎಳೆ, ಮಣೆಯ ಎಳೆ ಒಂದೇ ದಿಕ್ಕಿಗೆ ಇರಬೇಕು. ಅಡ್ಡ ಪಟ್ಟಿ ಮೊಳೆ ಹೊಡೆದರೆ ಮರಕ್ಕೆ ಕುಗ್ಗಲು ಜಾಗ ಇರುವುದಿಲ್ಲ, ಮತ್ತೆ ಸೀಳುತ್ತದೆ. ಅಂಗಡಿಯಲ್ಲಿ ಎಷ್ಟೋ ಮಣೆಗೆ ಹೀಗೆ ಅಡ್ಡ ಪಟ್ಟಿ ಹೊಡೆದಿರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಣ್ಣೆ ವಿಷಯ. ಶೇಂಗಾ ಎಣ್ಣೆ ಮರದೊಳಗೆ ಒಣಗುವುದಿಲ್ಲ, ಹಾಗೇ ಕೂತು ಕಮಟುತ್ತದೆ. ಕುಸುಬಿ ಎಣ್ಣೆ ಹಚ್ಚಿದರೆ ನಿಧಾನಕ್ಕೆ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಔಷಧ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಬಾಟಲಿ ಮೇಲೆ ಐ.ಪಿ. ಅಂತ ಇರಬೇಕು. ಬಣ್ಣ ಇಲ್ಲ, ವಾಸನೆ ಇಲ್ಲ, ಕಮಟುವುದಿಲ್ಲ. ರಂದಾ ಹೊಡೆಸಿದ ಮೇಲೆ ಮೊದಲ ವಾರ ದಿನಾ ಒಮ್ಮೆ, ಮುಂದಿನ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ರಾತ್ರಿ ಹಚ್ಚಿ, ಬೆಳಗ್ಗೆ ಉಳಿದದ್ದು ಒರೆಸಿ. ಎರಡು ತುದಿಗೆ ಎರಡೆರಡು ಸಲ. ತುದಿ ಎಣ್ಣೆಯನ್ನು ಮರಳು ನೀರು ಕುಡಿದ ಹಾಗೆ ಕುಡಿಯುತ್ತದೆ. ಸಾಕಾಯಿತಾ ಅಂತ ನೋಡಲು ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ನಿಂತರೆ ಸಾಕು. ಹರಡಿ ಕಪ್ಪು ಕಲೆ ಆದರೆ ಇನ್ನೂ ಬೇಕು.

ಅಗಸಿ ಎಣ್ಣೆ ಮರಕ್ಕೆ ಒಳ್ಳೆಯದೇ, ಒಣಗುತ್ತದೆ, ಆದರೆ ವಾರಗಟ್ಟಲೆ ಬೇಕು. ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಎಣ್ಣೆ ಅಡುಗೆಯ ಮಣೆಗೆ ಬೇಡ, ಬೇಗ ಒಣಗಲು ಅದರಲ್ಲಿ ಬೇರೆ ಔಷಧಿ ಕಲಸಿರುತ್ತಾರೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಕಾಯುತ್ತದೆ, ಬೆಂಕಿ ಹತ್ತಿಕೊಳ್ಳುತ್ತದೆ. ಹರವಿ ಒಣಗಿಸಬೇಕು.

ರವಿವಾರ ಪೇಟೆ ಖಾನಾವಳಿ

ತಂಗಿ, ನಮ್ಮದು ಬೆಳಗಾವಿಯಲ್ಲಿ ಖಾನಾವಳಿ. ದಿನಕ್ಕೆ ಹತ್ತು ಹನ್ನೆರಡು ಕಿಲೋ ಉಳ್ಳಾಗಡ್ಡಿ ಹೆಚ್ಚುತ್ತೇವೆ. ಅಷ್ಟು ಕೆಲಸಕ್ಕೆ ಬಿಳಿ ಪ್ಲಾಸ್ಟಿಕ್ ಬೋರ್ಡೇ ಇಟ್ಟಿದ್ದೇನೆ, ಯಾಕೆಂದರೆ ದಿನಾ ನಾಲ್ಕು ಸಲ ತಿಕ್ಕಿ ತೊಳೆಯಬೇಕು. ಆದರೆ ಅದಕ್ಕೂ ಆಯುಷ್ಯ ಇದೆ. ಮೇಲೆ ಉಗುರು ಎಳೆದಾಗ ಗೆರೆಗೆ ಸಿಕ್ಕಿ ನಿಂತರೆ ನಾನು ಅವತ್ತೇ ತೆಗೆದುಬಿಡುತ್ತೇನೆ. ಆ ಗೆರೆಯೊಳಗಿನದು ಬ್ರಷ್‌ಗೂ ಬರುವುದಿಲ್ಲ. ವಾರಕ್ಕೊಮ್ಮೆ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಹಾಕಿ, ತೊಳೆದ ಬೋರ್ಡನ್ನು ಸ್ವಲ್ಪ ಹೊತ್ತು ಅದರಲ್ಲಿ ಬಿಟ್ಟು, ಮತ್ತೆ ಒಳ್ಳೆ ನೀರಿನಿಂದ ತೊಳೆಯುತ್ತೇವೆ.

ಅರಿಷಿಣದ ಕಲೆಗೆ ಸುಮ್ನೆ ಉಜ್ಜಿ ಕೈ ನೋಯಿಸಿಕೊಳ್ಳಬೇಡ. ಪ್ಲಾಸ್ಟಿಕ್ ಬೋರ್ಡ್ ಬಿಸಿಲಿಗೆ ಇಡು, ಸಂಜೆಗೆ ಹಳದಿ ಮಾಯ. ಮರಕ್ಕೆ ಇದು ಬೇಡ, ವಿಜಯಪುರದ ಬಿಸಿಲಿನಲ್ಲಂತೂ ಬೇಡ. ಮರಕ್ಕೆ ದಪ್ಪ ಉಪ್ಪು ಚೆಲ್ಲಿ, ಅರ್ಧ ಲಿಂಬೆಹಣ್ಣಿನಿಂದ ತಿಕ್ಕಿ, ಹತ್ತು ನಿಮಿಷ ಬಿಟ್ಟು ಒರೆಸು. ಬಳ್ಳೊಳ್ಳಿ ವಾಸನೆಯೂ ಹೋಗುತ್ತದೆ. ಹಣ್ಣು ಹೆಚ್ಚಲು ಮಾತ್ರ ಬೇರೆ ಸಣ್ಣ ಮಣೆ ಇಟ್ಟುಕೋ. ಕಲ್ಲಂಗಡಿಗೆ ಉಳ್ಳಾಗಡ್ಡಿ ವಾಸನೆ ಬಂದರೆ ಯಾರು ತಿನ್ನುತ್ತಾರೆ?

ಕೋಳಿ ಮಾಡುವವರಾದರೆ ಅದಕ್ಕೂ ಬೇರೆಯೇ ಇರಲಿ, ಅದರಲ್ಲಿ ಸೌತೆಕಾಯಿ ಹೆಚ್ಚಬೇಡ.

ಆಶ್ರಮ ರೋಡ್ ಹುಡುಗ

ಸ್ಟೀಲ್ ಬೋರ್ಡ್ ನಾನು ತಗೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ತೊಳೆಯಲು ಸುಲಭ, ವಾಸನೆ ಹಿಡಿಯುವುದಿಲ್ಲ. ಆದರೆ ಒಂದೇ ತಿಂಗಳಿಗೆ ಹೊಸ ಚಾಕು ಮೊಂಡಾಯಿತು. ಟೊಮೆಟೊ ಸಿಪ್ಪೆ ಕತ್ತರಿಸುವ ಬದಲು ಜಜ್ಜುತ್ತಿತ್ತು. ಪ್ರತಿ ಏಟಿಗೂ ಟಣ್ ಟಣ್ ಸದ್ದು. ಮನೆಯಲ್ಲಿ ವಯಸ್ಸಾದವರು ಬೆಳಗ್ಗೆ ಮಲಗಿದ್ದರೆ ಕಷ್ಟ. ಕೈ ನಡುಗುವವರಿಗೆ ಮೊಂಡ ಚಾಕು ಇನ್ನೂ ಅಪಾಯ ಅಲ್ವಾ, ಜಾಸ್ತಿ ಒತ್ತಬೇಕಾಗುತ್ತದೆ. ನಾನು ಈಗ ಅದರ ಮೇಲೆ ಚಪಾತಿ ಹಿಟ್ಟು ನಾದುತ್ತೇನೆ. ಗಾಜಿನ ಬೋರ್ಡೂ ಹಾಗೇ. ಇಳಕಲ್ ಕಲ್ಲಿನ ಕಟ್ಟೆಯ ಮೇಲೆ ನೇರ ಹೆಚ್ಚುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಪಾಠ ಮಾಡುವ ಅಕ್ಕ

ವಿಜಯಪುರದಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ಮರದಲ್ಲಿ ಕ್ರಿಮಿ ಇರುತ್ತವೆ ಅನ್ನುವ ಭಯಕ್ಕೆ ಉತ್ತರ ಇದೆ. ಅಮೆರಿಕದಲ್ಲಿ ಡೀನ್ ಕ್ಲೈವರ್ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಗೆ ಇಳಿದವು, ಅಲ್ಲಿ ಬೆಳೆಯಲಿಲ್ಲ, ನಿಧಾನಕ್ಕೆ ಸತ್ತವು. ಹೊಸ ಪ್ಲಾಸ್ಟಿಕ್ ಸುಲಭವಾಗಿ ಸ್ವಚ್ಛವಾಯಿತು. ಚಾಕುವಿನ ಗೆರೆ ಬಿದ್ದ ಹಳೆ ಪ್ಲಾಸ್ಟಿಕ್ ಮಾತ್ರ ಕೈಯಿಂದ ತೊಳೆದರೆ ಸ್ವಚ್ಛವಾಗಲಿಲ್ಲ. ಖಾನಾವಳಿ ಅಕ್ಕ ಉಗುರಿನಿಂದ ನೋಡುವುದು ಸರಿಯಾದ ಪರೀಕ್ಷೆ.

ಪ್ಲಾಸ್ಟಿಕ್ ಚೂರು ಬೀಳುತ್ತದೆ ಅನ್ನುವುದೂ ನಿಜ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೋರ್ಡಿನ ಮೇಲೆ ಗಜ್ಜರಿ ಹೆಚ್ಚಿ ನೋಡಿದ್ದರು, ಸಣ್ಣ ಚೂರುಗಳು ಸಿಕ್ಕವು. ಮರದಿಂದಲೂ ಮರದ ಚೂರು ಬಿದ್ದಿತ್ತು. ಮನೆಯ ಅಡುಗೆಗೆ ನಾನು ಮರವನ್ನೇ ಬಳಸುತ್ತೇನೆ. ತೊಳೆದು ಒಣಗಿಸುವುದು ಮುಖ್ಯ, ರಾತ್ರಿಯಿಡೀ ಸಿಂಕಿನಲ್ಲಿ ನೆನೆಯಲು ಬಿಡಬೇಡಿ.

ಟಿಳಕವಾಡಿಯವಳು

ಎಲ್ಲರಿಗೂ ತುಂಬಾ ಧನ್ಯವಾದ. ಬಡಿಗೇರ ಅಣ್ಣಾವ್ರೇ, ನೀವು ಹೇಳಿದ ಹಾಗೆ ಬೋರಲು ಹಾಕಿದೆ, ನಿಜಕ್ಕೂ ಆಡುವುದು ನಿಂತಿತು. ಮುಂದೆ ಹೊಸ ಮಣೆ ತಗೊಂಡರೆ ಯಾವ ಮರ ನೋಡಲಿ?

ನವನಗರದ ಬಡಿಗೇರ

ಸಾಗವಾನಿ ಚಾಕುವನ್ನು ಸ್ವಲ್ಪ ಬೇಗ ಮೊಂಡು ಮಾಡುತ್ತದೆ, ಮರದೊಳಗೆ ಮರಳಿನ ಅಂಶ ಇರುತ್ತದೆ. ಆದರೆ ತನ್ನದೇ ಎಣ್ಣೆ ಇರುವ ಮರ, ನೀರಿಗೆ ಜಗ್ಗುವುದಿಲ್ಲ. ಬೇವು, ಶೀಶಮ್ ನಡೆಯುತ್ತವೆ. ಹುಣಸೆ ಗಟ್ಟಿ, ಕಸಾಯಿಯವರ ಕೊರಡು ಅದರದ್ದೇ. ಮಾವಿನದು ಅಗ್ಗ, ಬೇಗ ಕಪ್ಪಾಗುತ್ತದೆ. ಬಿದಿರಿನದು ಪಟ್ಟಿ ಪಟ್ಟಿ ಅಂಟಿಸಿದ್ದು, ಒಣ ಹವೆಗೆ ಕೂಡಿಕೆ ಬಿಡುತ್ತದೆ.

ಮರಕ್ಕಿಂತ ತುದಿ ನೋಡಿ ತಗೊಳ್ಳಿ. ತುದಿಯಲ್ಲಿ ಸುತ್ತು ಸುತ್ತು ಗೆರೆ, ನಡುವೆ ಕಣ್ಣಿನ ಹಾಗೆ ಚುಕ್ಕೆ ಕಂಡರೆ ಅದು ಮರದ ತಿರುಳು. ಬಿಟ್ಟುಬಿಡಿ, ಇವತ್ತಲ್ಲ ನಾಳೆ ಸೀಳುತ್ತದೆ. ಗೆರೆಗಳು ನಿಂತಂತೆ ಕಂಡರೆ ಒಳ್ಳೆಯ ಹಲಗೆ. ದಪ್ಪ ಒಂದೂಕಾಲು ಇಂಚು ಇರಲಿ.

ನಮ್ಮ ಮನೆಯ ಮಣೆ ಹಳೆ ಬಾಗಲಕೋಟೆಯ ಮನೆಯ ತೊಲೆಯದು. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಗುವ ಮುಂಚೆ ಅಪ್ಪ ತೊಲೆ ಇಳಿಸಿ ತಂದಿದ್ದರು. ಬಣ್ಣ ಬಳಿದ ಮುಖ ಪೂರ್ತಿ ತೆಗೆದು, ಮೊಳೆ ಕಿತ್ತು ಮಾಡಿದ್ದು. ಅಷ್ಟು ಹಳೆ ಮರ ಹೆಚ್ಚು ಒದ್ದಾಡುವುದಿಲ್ಲ. ನಿಮಗೆ ಎಲ್ಲಿಯಾದರೂ ಹಳೆ ಬಾಗಿಲ ಚೌಕಟ್ಟು ಸಿಕ್ಕರೆ ಬಿಡಬೇಡಿ.

ಟಿಳಕವಾಡಿಯವಳು

ಮೂರು ವಾರ ಆಯಿತು, ಬರೆಯಲೇಬೇಕು ಅನಿಸಿತು. ಇಲ್ಲಿಯ ಒಬ್ಬ ಬಡಿಗೇರರು ಸೀಳಿನ ಗುಂಟ ಕೊಯ್ದು ಕೂಡಿಸಿ ಕೊಟ್ಟರು. ಅಂಟಿನ ಮಣಿಗಳನ್ನು ನಾನೇ ನಿಂತು ನೋಡಿದೆ, ಎರಡು ತುದಿಯವರೆಗೂ ಬಂದಿದ್ದವು. ಕೂಡಿಕೆ ಎಲ್ಲಿದೆ ಅಂತ ಈಗ ಬೆರಳಿಗೆ ಗೊತ್ತಾಗುವುದಿಲ್ಲ. ಪ್ಯಾರಾಫಿನ್ ಏಳು ರಾತ್ರಿ ಹಚ್ಚಿದೆ. ಆರನೇ ದಿನ ನೀರಿನ ಹನಿ ನಿಂತಿತು. ಕಮಟು ವಾಸನೆ ರಂದಾ ಹೊಡೆಸಿದಾಗಲೇ ಹೋಗಿತ್ತು.

ಪಟ್ಟಿ ಟೇಬಲ್ಲಿಗೆ ತಗುಲಿ ಗಟ್ಟಿಯಾಗಿ ಕೂರುತ್ತದೆ. ಅತ್ತೆ ಮೊದಲ ದಿನ ಎರಡು ಸಲ ಅಂಗೈಯಿಂದ ತಳ್ಳಿ ನೋಡಿದರು, ಅಲುಗಲಿಲ್ಲ. ಆಮೇಲೆ ಒಂದು ಸಿವುಡು ಮೆಂತ್ಯ ಸೊಪ್ಪು ಎಳೆದುಕೊಂಡು ಕೂತರು. ಮುಧೋಳದಲ್ಲಿರುವ ಅವರ ತಂಗಿಗೂ ಇಂಥದ್ದೇ ಒಂದು ಬೇಕಂತೆ. ಯಾರಿಗಾದರೂ ಬೇಕಾದರೆ ಅಳತೆ ಬರೆದಿಡುತ್ತೇನೆ: ಮಣೆ 18 ಇಂಚು ಉದ್ದ, 11 ಮುಕ್ಕಾಲು ಅಗಲ, ಪಟ್ಟಿ ಮುಂದಿನ ಅಂಚಿನ ಉದ್ದಕ್ಕೂ, ಕೆಳಗೆ ಮುಕ್ಕಾಲು ಇಂಚು ಇಳಿದಿದೆ, ಅಂಟಿನ ಜೊತೆ ಮೂರು ಹಿತ್ತಾಳೆ ಸ್ಕ್ರೂ.