ಹರ್ಮನ್ನೋ, ಹೆರ್ಮನ್ನೋ?

ಬಲ್ಲವರಲ್ಲಿ ಒಂದು ಕೇಳಿಕೆ. ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆಯಾದ ಬಾಸೆಲ್ ಮಿಶನ್ ಕುರಿತ ಲೇಖನವೊಂದರ ಕರಡು ತಿದ್ದುತ್ತಿದ್ದೇನೆ. ಪುಟದ ಮೇಲ್ಗಡೆ ‘ಹರ್ಮನ್ ಮೋಗ್ಲಿಂಗ್’, ಎರಡು ಸಾಲು ಕೆಳಗೆ ‘ಹೆರ್ಮನ್ ಗುಂಡರ್ಟ್’. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದವರು ಮೋಗ್ಲಿಂಗ್. 1872ರಲ್ಲಿ ಮಲಯಾಳಂ ನಿಘಂಟು ಅಚ್ಚು ಹಾಕಿಸಿದವರು ಗುಂಡರ್ಟ್. ಇಬ್ಬರದೂ ಒಂದೇ ಹೆಸರೆಂದು ಓದುಗರಿಗೆ ತಿಳಿಯುವುದಾದರೂ ಹೇಗೆ?

ನನ್ನ ಒಲವು ‘ಹೆರ್ಮನ್’ ಕಡೆಗೆ. ಜರ್ಮನ್ ಉಚ್ಚಾರದಲ್ಲಿರುವುದು ಹ್ರಸ್ವ ಎಕಾರ. ‘ಎ’ ಬೇರೆ, ‘ಏ’ ಬೇರೆಯಾಗಿ ನಮ್ಮ ಕೈಯಲ್ಲೇ ಇರುವಾಗ ಇಂಗ್ಲಿಷಿನ ಬಾಯಿಯಿಂದ ಕೇಳಿ ‘ಹರ್ಮನ್’ ಎಂದು ಬರೆಯುವುದೇಕೆ? ಅದೂ ಅಲ್ಲದೆ, ‘ಹರ್ಮನ್’ ಎಂದೊಡನೆ ಈಗ ಕ್ರಿಕೆಟ್ಟಿನ ಹರ್ಮನ್‌ಪ್ರೀತ್ ಕೌರ್ ನೆನಪಾಗುತ್ತಾರೆ. ಆ ಪಂಜಾಬಿ ಹೆಸರಿಗೂ ಇದಕ್ಕೂ ಯಾವ ನಂಟೂ ಇಲ್ಲ. (ಮೋಗ್ಲಿಂಗರ ‘ಮೋ’ ಕೂಡ ಮೂಲದ ಸ್ವರವಲ್ಲ. ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ, ಬಿಡಿ.)

ಎರಡನೆಯದು ಅರ್ಥದ ತೊಡಕು. ಹಳೆಯ ಜರ್ಮನ್ನಿನಲ್ಲಿ ‘ಹೆರಿ’ ಎಂದರೆ ಪಡೆ, ‘ಮನ್’ ಎಂದರೆ ಗಂಡಸು, ಆಳು. ಲೇಖಕರು ‘ಸೈನಿಕ’ ಎಂದು ಬರೆದು ಮುಂದೆ ಹೋಗಿದ್ದಾರೆ. ನನಗೆ ಹೊಳೆದದ್ದು ‘ಪಡೆಯಾಳು’. ಎರಡು ತುಂಡಿಗೆ ಎರಡು ತುಂಡು ಕೂಡುತ್ತದೆ. ಹಳಗನ್ನಡದ ‘ಪಡೆವಳ’ ಚೆಂದವೇ, ಆದರೆ ಅವನು ಸೇನಾಪತಿ, ಇಲ್ಲಿಗೆ ದೊಡ್ಡವನಾದ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಮಾತಿನಿಂದಾಗಿ ಆಳೆಂದರೆ ಕೂಲಿಯವನೆಂದೇ ಓದುಗರು ತಿಳಿದಾರು ಎಂಬ ಅಳುಕೂ ಇದೆ. ಆದರೆ ‘ಕಾಲಾಳು’ ಇನ್ನೂ ಬಳಕೆಯಲ್ಲಿದೆಯಲ್ಲ!

ತಮಾಷೆಯೆಂದರೆ, ನಮಗೆ ಗೊತ್ತಿರುವ ಹೆರ್ಮನ್ನರಲ್ಲಿ ಕತ್ತಿಗಿಂತ ಲೇಖನಿ ಹಿಡಿದವರೇ ಹೆಚ್ಚು. ಗ್ರಾಸ್‌ಮನ್ ಗಣಿತಜ್ಞ, ಜತೆಗೆ ಋಗ್ವೇದದ ಪದಕೋಶ ಮಾಡಿದವರು. ಯಾಕೋಬಿ ಜೈನ ಸೂತ್ರಗಳನ್ನು ಇಂಗ್ಲಿಷಿಗೆ ತಂದವರು. 1946ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹೆಸ್ಸೆ ಗುಂಡರ್ಟರ ಮಗಳ ಮಗ; ನಮ್ಮಲ್ಲಿ ನಡೆಯುವಂತೆ ಮೊಮ್ಮಗನಿಗೂ ಅಜ್ಜನ ಹೆಸರೇ. ಇನ್ನು ಕ್ರಿ.ಶ. 9ರಲ್ಲಿ ರೋಮನ್ನರ ಮೂರು ಲೀಜನ್‌ಗಳನ್ನು (ದೊಡ್ಡ ಸೇನಾದಳಗಳನ್ನು) ಕಾಡಿನಲ್ಲಿ ಕೆಡವಿದ ಜರ್ಮಾನಿಕ್ ಬುಡಕಟ್ಟಿನ ನಾಯಕ ಅರ್ಮಿನಿಯಸ್‌ಗೆ ಜರ್ಮನಿಯ ಡೆಟ್ಮೋಲ್ಡ್ ಬಳಿ ‘ಹೆರ್ಮನ್’ ಎಂದೇ ಪ್ರತಿಮೆಯಿದೆ. ಆದರೆ ಆ ಹೆಸರು ಅವನಿಗೆ ಅಂಟಿದ್ದು 16ನೆಯ ಶತಮಾನದಲ್ಲಿ!

‘ಪಡೆಯಾಳು’ ಎಂಬ ರೂಪವನ್ನು ಶಾಸನದಲ್ಲೋ ಕಾವ್ಯದಲ್ಲೋ ಯಾರಾದರೂ ಕಂಡಿದ್ದೀರಾ? ಅಥವಾ ‘ದಂಡಾಳು’ ವಾಸಿಯೇ?