ಅಪ್‌ಡೇಟ್: ಅಪ್ಪ-ಅಮ್ಮನ ಜೊತೆ ಮಿಲ್ವಾಕಿ

ಮೈಸೂರಿಂದ ಬಂದಿರೋ ಅಪ್ಪ-ಅಮ್ಮನಿಗೆ ಅಮೆರಿಕದ ಮಿಲ್ವಾಕಿಯಲ್ಲಿ ಏನು ತೋರಿಸಲಿ, ಜಾಸ್ತಿ ನಡೆಸೋ ಹಾಗಿಲ್ಲ, ಮೊಟ್ಟೆನೂ ಮುಟ್ಟಲ್ಲ ಅಂತ ಕೇಳಿದ್ದೆನಲ್ಲ, ಹೋಗಿ ಬಂದ್ವಿ.

ಆರ್ಟ್ ಮ್ಯೂಸಿಯಂ ಅಂದವರಿಗೆ ದೊಡ್ಡ ನಮಸ್ಕಾರ. ವಾಸ್ತುಶಿಲ್ಪಿ ಕಲತ್ರಾವಾ ವಿನ್ಯಾಸದ, 2001ರಲ್ಲಿ ತೆರೆದ ಆ ಬಿಳಿ ಕಟ್ಟಡದ ನೆತ್ತಿಯ ಮೇಲೆ 217 ಅಡಿ ಅಗಲದ ರೆಕ್ಕೆಗಳು! ಮಧ್ಯಾಹ್ನ 12ಕ್ಕೆ ಮಡಚಿ ಮತ್ತೆ ಬಿಚ್ಚಿಕೊಳ್ತವೆ. ಗಾಳಿ ಜೋರಾದ್ರೆ ಸೆನ್ಸರ್‌ಗಳು ತಾವಾಗೇ ಮುಚ್ಚಿಸಿಬಿಡ್ತವೆ, ಹವಾಮಾನ ನೋಡ್ಕೊಂಡು ಹೋಗಿ. ಅಪ್ಪ ಮಾತ್ರ ಚಿತ್ರಗಳಿಗಿಂತ ಮಿಶಿಗನ್ ಸರೋವರವನ್ನೇ ನೋಡ್ತಾ ನಿಂತ್ರು. "ಆಚೆ ದಡ ಎಲ್ಲೋ? ಇದು ಸಮುದ್ರ ಕಣೋ!"

ದಡದ ವಾಕಿಂಗ್ ಆಗಲಿಲ್ಲ. ಊರೊಳಗೆ ಬಿಸಿಲಿದ್ರೂ ನೀರಿನ ಪಕ್ಕ ಚಳಿ, ಅಮ್ಮ ಐದೇ ನಿಮಿಷಕ್ಕೆ ಕಾರು ಹತ್ತಿದ್ರು. ಮಿಚೆಲ್ ಪಾರ್ಕಿನ ಗಾಜಿನ ಗುಮ್ಮಟಗಳು ಕಾಪಾಡಿದವು. ಒಂದರೊಳಗೆ ಮರುಭೂಮಿ, ಇನ್ನೊಂದರೊಳಗೆ ಉಷ್ಣವಲಯದ ಕಾಡು, ಬೆಚ್ಚಗೆ.

ಐಸ್‌ಕ್ರೀಮ್ ಥರದ ಫ್ರೋಜನ್ ಕಸ್ಟರ್ಡ್ ತಿನ್ನಿಸಿ ಅಂದಿದ್ರಲ್ಲ, ಅದರಲ್ಲಿ ಮೊಟ್ಟೆಯ ಹಳದಿ ಇರುತ್ತೆ! ಕೇಳಿದ್ದು ಒಳ್ಳೇದಾಯ್ತು. ಪಬ್ಲಿಕ್ ಮಾರ್ಕೆಟ್‌ನಲ್ಲಿ ಚೀಸ್ ಕರ್ಡ್ಸ್ (ಹಸಿ ಚೀಸಿನ ಸಣ್ಣ ತುಂಡುಗಳು) ತಗೊಂಡ್ವಿ. ತಾಜಾ ಇದ್ರೆ ಹಲ್ಲಿಗೆ ಸಿಕ್ಕಾಗ ಕೀಚ್ ಅನ್ನುತ್ತೆ. ಸಸ್ಯಾಹಾರಿಗಳಾದ್ರೆ ರೆನೆಟ್ (ಹಾಲು ಗಟ್ಟಿಯಾಗಿಸೋ ಪದಾರ್ಥ, ಕೆಲವು ಸಲ ಕರುವಿನ ಹೊಟ್ಟೆಯಿಂದ ಬರುತ್ತೆ) ಯಾವುದು ಅಂತ ವಿಚಾರಿಸಿಕೊಳ್ಳಿ. ಮಾರ್ಕೆಟ್ ಹತ್ತಿರವೇ 'ಹಾಪ್' ಟ್ರಾಮ್ ನಿಲ್ಲುತ್ತೆ, ಟಿಕೆಟ್ಟೇ ಇಲ್ಲ.