ಅಪ್ಪ-ಅಮ್ಮನಿಗೆ ಮೆಲ್ಬರ್ನ್‌ನ ಹಳೆ ಕಟ್ಟಡಗಳನ್ನು ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಮುಂದಿನ ತಿಂಗಳು ಅಪ್ಪ-ಅಮ್ಮ ಮೊದಲ ಸಲ ಮೆಲ್ಬರ್ನ್‌ಗೆ ಬರುತ್ತಿದ್ದಾರೆ. ಅಪ್ಪನಿಗೆ ಹಳೆ ಕಟ್ಟಡ ಅಂದರೆ ಪ್ರಾಣ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಓಡಾಡಲು ಆಗುವುದಿಲ್ಲ. ನನಗೆ ಸಿಗುವುದು ಎರಡೇ ಶನಿವಾರ. ನಿಮ್ಮ ಮನೆಯವರನ್ನು ಕರೆದುಕೊಂಡು ಹೋದ ಅನುಭವ ಇದ್ದರೆ ದಯವಿಟ್ಟು ಹೇಳಿ.

ಪಾಯಿಂಟ್ ಕುಕ್‌ನಿಂದ:
ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದೇ ದಿನಕ್ಕೆ ಆರು ಜಾಗದ ಪಟ್ಟಿ ಹಿಡಿದು ಹೊರಟಿದ್ದೆ. ಮೂರನೆಯದು ಮುಗಿಯುವಷ್ಟರಲ್ಲಿ ಅಮ್ಮನ ಕಾಲು ಊದಿಕೊಂಡಿತ್ತು. ಮರುವಾರ ಸ್ಟೇಟ್ ಲೈಬ್ರರಿಗೆ ಮಾತ್ರ ಹೋಗಿ ನಿಧಾನವಾಗಿ ಕೂತು ನೋಡಿದೆವು. ಈಗಲೂ ಫೋನಿನಲ್ಲಿ ಅಪ್ಪಾಜಿ ಅದರ ಮಾತೇ ಆಡುತ್ತಾರೆ.

ಲೈಬ್ರರಿ ತೆರೆದದ್ದು 1856ರಲ್ಲಿ. ಗುಮ್ಮಟದ ಓದುವ ಕೋಣೆ 1913ರದ್ದು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಲಿಫ್ಟ್ ಹಿಡಿದು ನೇರ ಆರನೇ ಮಹಡಿಗೆ ಹೋಗಿ, ಅಲ್ಲಿಂದ ಕೆಳಗೆ ನೋಡಿ. ಎಂಟು ಮೂಲೆಯ ಕೋಣೆ. ನಡುವೆ ಎತ್ತರದ ಒಂದು ಕಟ್ಟೆ. ಬಂಡಿ ಚಕ್ರದ ಕಡ್ಡಿಗಳ ಹಾಗೆ ಅದರ ಸುತ್ತ ಹರಡಿದ ಮರದ ಮೇಜುಗಳು, ಮೇಲೆ ಹಸಿರು ದೀಪಗಳು. ನಮ್ಮ ಅಪ್ಪಾಜಿ ವಿಜಯಪುರದವರು, ಗೋಳಗುಮ್ಮಟದ ಪಕ್ಕದಲ್ಲೇ ಬೆಳೆದವರು. ಸುಮಾರು 35 ಮೀಟರ್ ಅಗಲದ ಈ ಕಾಂಕ್ರೀಟ್ ಗುಮ್ಮಟಕ್ಕೆ ಎತ್ತಿದ ತಲೆಯನ್ನು ಇಳಿಸಲೇ ಇಲ್ಲ. ಆಮೇಲೆ ನನ್ನ ಕಿವಿಯಲ್ಲಿ, "ಇಲ್ಲಿನೂ ಏಳು ಸಲ ಕೇಳಸ್ತದೇನಪಾ?" ಅಂದರು. ಓದುತ್ತಾ ಕೂತವರಿದ್ದರು, ಹಾಗಾಗಿ ಪರೀಕ್ಷೆ ಮಾಡಲಿಲ್ಲ.

ಈ ಗುಮ್ಮಟದ ಗಾಜು ಸೋರುತ್ತದೆ ಅಂತ 1959ರಲ್ಲಿ ಮೇಲೆ ತಾಮ್ರದ ತಗಡು ಹೊದಿಸಿಬಿಟ್ಟಿದ್ದರು. ಕೋಣೆಗೆ ಮತ್ತೆ ಬೆಳಕು ಬಂದದ್ದು 2003ರಲ್ಲಿ. ನೀವು ಹೋಗುವ ದಿನ ಬಿಸಿಲಿದ್ದರೆ ನಿಮ್ಮ ಅದೃಷ್ಟ.

ನೆಡ್ ಕೆಲಿ ಅನ್ನುವ ದರೋಡೆಗಾರ ತೊಟ್ಟಿದ್ದ ಕಬ್ಬಿಣದ ಕವಚವೂ ಇದೇ ಲೈಬ್ರರಿಯಲ್ಲಿದೆ. ನೇಗಿಲಿನ ಕಬ್ಬಿಣ ಬಡಿದು ಮಾಡಿದ್ದು. ಗುಂಡು ತಗುಲಿದ ಗುಳಿಗಳನ್ನು ಹತ್ತಿರ ನಿಂತು ನೋಡಬಹುದು. 1880ರ ನವೆಂಬರ್ 11ರಂದು ಅವನನ್ನು ಗಲ್ಲಿಗೇರಿಸಿದ ಹಳೆ ಜೈಲು ಇಲ್ಲೇ ಹತ್ತಿರ, ರಸೆಲ್ ಸ್ಟ್ರೀಟ್‌ನಲ್ಲಿದೆ. ಅದರ ಗೋಡೆ ಮುಟ್ಟಿ ನೋಡಿ ಅಪ್ಪಾಜಿ, "ಇದು ನಮ್ಮ ಕರಿಕಲ್ಲ ಐತಲ್ಲೋ!" ಅಂದರು. ನಿಜ. ಇಲ್ಲಿ ಬ್ಲೂಸ್ಟೋನ್ ಅನ್ನುವುದೂ ಗೋಳಗುಮ್ಮಟಕ್ಕೆ ಬಳಸಿದ್ದೂ ಒಂದೇ ಜಾತಿಯ ಕಲ್ಲು, ಬಸಾಲ್ಟ್.

ಕ್ಲೇಟನ್‌ನಿಂದ:
ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ಬಿಡಬೇಡಿ. 1880ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಕಟ್ಟಿದ್ದು. ಆಸ್ಟ್ರೇಲಿಯಾದ ಮೊದಲ ಸಂಸತ್ತು 1901ರ ಮೇ 9ರಂದು ಶುರುವಾದದ್ದು ಇದರೊಳಗೇ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಅದು ಈಗಲೂ ಬಳಕೆಯಲ್ಲಿರುವ ಕಟ್ಟಡ, ಮೇಳ, ಪರೀಕ್ಷೆ ಎಲ್ಲ ನಡೆಯುತ್ತವೆ. ನಾವು ವಿಚಾರಿಸದೆ ಹೋಗಿ ಹೊರಗಿನಿಂದಲೇ ನೋಡಿ ಬಂದೆವು. ಒಳಗೆ ಪ್ರವೇಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಟಾರ್ನೀಟ್‌ನಿಂದ:
ಫಿಟ್ಜ್‌ರಾಯ್ ಗಾರ್ಡನ್ಸ್‌ನ ಕುಕ್ಸ್ ಕಾಟೇಜ್ ಚಿಕ್ಕದು, ಹೋಗಬೇಡಿ ಅನ್ನುವವರು ಸಿಗುತ್ತಾರೆ. ನಮ್ಮ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಕ್ಯಾಪ್ಟನ್ ಕುಕ್‌ನ ಅಪ್ಪ-ಅಮ್ಮನ ಮನೆ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿತ್ತು. ಅದನ್ನು ಬಿಚ್ಚಿ, 253 ಪೆಟ್ಟಿಗೆ, 40 ಪೀಪಾಯಿಗಳಲ್ಲಿ ತುಂಬಿ, ಹಡಗಿನಲ್ಲಿ ತಂದು 1934ರಲ್ಲಿ ಇಲ್ಲಿ ಮತ್ತೆ ಜೋಡಿಸಿದರು. ಗೋಡೆ ಮೇಲೆ ಹಬ್ಬಿದ್ದ ಬಳ್ಳಿಯ ಕಡ್ಡಿಯನ್ನೂ ತಂದು ನೆಟ್ಟರು. ಅಮ್ಮ ಆ ಬಳ್ಳಿಯ ಎದುರೇ ಬಹಳ ಹೊತ್ತು ನಿಂತಿದ್ದರು. ಊರಿನ ಮನೆ ಮಾರಿದಾಗ ಅವರೂ ದುಂಡುಮಲ್ಲಿಗೆಯ ಒಂದು ಕಡ್ಡಿ ಕಿತ್ತು ತಂದಿದ್ದರು.

ಬಾಕ್ಸ್ ಹಿಲ್‌ನಿಂದ:
ಎರಡೇ ಶನಿವಾರ ಅಂತ ಚಿಂತೆ ಮಾಡಬೇಡಿ. ವಾರದ ದಿನಗಳಲ್ಲಿ ಅವರೇ ಹೋಗಲಿ. 35ನೇ ನಂಬರಿನ ಸಿಟಿ ಸರ್ಕಲ್ ಟ್ರಾಮ್‌ಗೆ ಟಿಕೆಟ್ ಬೇಡ. ಕೂತಲ್ಲೇ ಪಾರ್ಲಿಮೆಂಟ್ ಹೌಸ್, ಪ್ರಿನ್ಸೆಸ್ ಥಿಯೇಟರ್ ಎಲ್ಲ ಕಾಣುತ್ತವೆ, ಮಂಡಿಗೂ ಆರಾಮ. ಸಂಜೆ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಗಡಿಯಾರಗಳ ಕೆಳಗೆ ನಿಲ್ಲಲು ಹೇಳಿ. ಈ ಊರಿನವರೆಲ್ಲ ಸೇರುವ ಜಾಗ ಅದು. ಒಂದು ಮಾತು ಮೊದಲೇ ತಿಳಿಸಿ: ಆ ಸಾಲು ಗಡಿಯಾರಗಳು ತೋರಿಸುವುದು ಪ್ರತಿ ಲೈನಿನ ಮುಂದಿನ ರೈಲಿನ ಹೊತ್ತನ್ನು. ನಮ್ಮ ಮಾವನವರು ತಮ್ಮ ವಾಚೇ ಕೆಟ್ಟಿದೆ ಅಂದುಕೊಂಡು, ನಾನು ಆಫೀಸ್ ಮುಗಿಸಿ ಬರುವ ತನಕ ಅದನ್ನು ಕಿವಿಗೆ ಹಿಡಿದು ನಿಂತಿದ್ದರು.